ಸರಕಿನ ವಿಮಾನ ಮತ್ತು ಬೆಳಗಿನ ಜಾವದ ನಿದ್ದೆ

ಅಮೆರಿಕದ ಸರಕು ವಿಮಾನ ಸಂಸ್ಥೆಗಳಲ್ಲಿ ಪೈಲಟ್‌ಗಳಿಗೂ ಆಡಳಿತವರ್ಗಕ್ಕೂ ನಡುವೆ ದಶಕಗಳಿಂದ ನಡೆದುಬಂದಿರುವ ತಿಕ್ಕಾಟದ ಒಂದು ಮುಖ್ಯ ಬೇರು ನಿದ್ರೆಯ ಶರೀರಶಾಸ್ತ್ರದಲ್ಲಿದೆ. ಇಂದು ಸಂಜೆ ಒಪ್ಪಿಸಿದ ಪೊಟ್ಟಣ ನಾಳೆ ಬೆಳಗ್ಗೆ ಮತ್ತೊಂದು ಊರನ್ನು ಮುಟ್ಟುತ್ತದೆ ಎಂಬ ಭರವಸೆಯೇ ಈ ಉದ್ಯಮದ ಬಂಡವಾಳ. ಫೆಡರಲ್ ಎಕ್ಸ್‌ಪ್ರೆಸ್ ಸಂಸ್ಥೆಯು 1973ರ ಏಪ್ರಿಲ್‌ನಲ್ಲಿ ಮೆಂಫಿಸ್ ನಗರವನ್ನು ನೆಲೆಯಾಗಿಸಿಕೊಂಡು 14 ಸಣ್ಣ ವಿಮಾನಗಳಲ್ಲಿ 186 ಪೊಟ್ಟಣಗಳನ್ನು 25 ನಗರಗಳಿಗೆ ಸಾಗಿಸಿದಂದಿನಿಂದ ಬೆಳೆದ ಪದ್ಧತಿಯಲ್ಲಿ, ದೇಶದ ನಾನಾ ಮೂಲೆಗಳ ಸರಕು ರಾತ್ರಿ ಒಂದೇ ಕೇಂದ್ರ ನಿಲ್ದಾಣಕ್ಕೆ ಬಂದು, ಅಲ್ಲಿ ವಿಂಗಡಣೆಯಾಗಿ, ಬೆಳಕು ಹರಿಯುವ ಮೊದಲೇ ಮತ್ತೆ ಹೊರಡುತ್ತದೆ. ಇದರಿಂದಾಗಿ ಪೈಲಟ್ ನಡುರಾತ್ರಿ ಒಮ್ಮೆ ಇಳಿದು, ವಿಂಗಡಣೆ ಮುಗಿಯುವವರೆಗೆ ಕಾದು, ದೇಹ ಅತ್ಯಂತ ಗಾಢವಾಗಿ ನಿದ್ದೆ ಬೇಡುವ ಹೊತ್ತಿನಲ್ಲಿ ಮತ್ತೆ ವಿಮಾನವನ್ನು ಮೇಲೇರಿಸಬೇಕಾಗುತ್ತದೆ.

ಆ ಹೊತ್ತು ಯಾವುದೆಂಬುದನ್ನು ದೇಹವೇ ಗೊತ್ತುಮಾಡಿದೆ. ಅಲೆಕ್ಸಾಂಡರ್ ಬೋರ್ಬೆಲಿ ಎಂಬ ವಿಜ್ಞಾನಿ 1982ರಲ್ಲಿ ಮಂಡಿಸಿದ ವಿವರಣೆಯ ಪ್ರಕಾರ ನಿದ್ರೆಯನ್ನು ಎರಡು ಕ್ರಿಯೆಗಳು ಆಳುತ್ತವೆ. ಮೊದಲನೆಯದು ನಿದ್ರಾಭಾರ, ಎಚ್ಚರವಿದ್ದಷ್ಟೂ ಇದು ಏರುತ್ತ ಹೋಗಿ, ನಿದ್ದೆ ಮಾಡಿದಾಗ ಮಾತ್ರ ಇಳಿಯುತ್ತದೆ. ಎರಡನೆಯದು ಜೈವಿಕ ಗಡಿಯಾರ. ಮೆದುಳಿನ ತಳಭಾಗದಲ್ಲಿ, ಎರಡೂ ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಜಾಗದ ಮೇಲಿರುವ ಸುಮಾರು 20,000 ನರಕೋಶಗಳ ಜೋಡಿ ಗುಚ್ಛವು ಬೆಳಕನ್ನು ಆಧರಿಸಿ ದೇಹದ ಉಷ್ಣತೆಯನ್ನೂ ಚುರುಕನ್ನೂ ದಿನವಿಡೀ ಏರಿಳಿಸುತ್ತದೆ. ರಾತ್ರಿ 2ರಿಂದ ಬೆಳಗಿನ 6ರವರೆಗಿನ ಅವಧಿ ಈ ಅಲೆಯ ತಗ್ಗು. ಬೆಳಗಿನ ಜಾವದ ನಿದ್ದೆಯನ್ನು ತಡೆಯುವುದು ಕಷ್ಟವೆಂದು ಜನ ಅನುಭವದಿಂದ ಹೇಳುವುದಕ್ಕೆ ಕಾರಣ ಇದೇ. ಮಧ್ಯಾಹ್ನದ ಇಳಿಹೊತ್ತಿನಲ್ಲಿ ಇನ್ನೊಂದು ಸಣ್ಣ ತಗ್ಗೂ ಇದೆ. ರಾತ್ರಿ ದುಡಿದವರು ಹಗಲಿಡೀ ಮಲಗಿ ನಿದ್ದೆಯ ಸಾಲ ತೀರಿಸಿಕೊಳ್ಳಬಹುದಲ್ಲ ಎಂಬ ಮಾತು ಮೇಲ್ನೋಟಕ್ಕೆ ಸರಿಯೆನಿಸಿದರೂ, ಆಗ ಗಡಿಯಾರವು ಎಚ್ಚರದ ಕಡೆಗೆ ಎಳೆಯುತ್ತಿರುವುದರಿಂದ ಕೋಣೆಯನ್ನು ಎಷ್ಟೇ ಕತ್ತಲು ಮಾಡಿದರೂ ನಿದ್ದೆ ಬೇಗ ಹರಿದುಹೋಗುತ್ತದೆ. ರಾತ್ರಿಯ ಸರಕು ವಿಮಾನಗಳ ಪೈಲಟ್‌ಗಳನ್ನು ನಾಸಾ ಸಂಸ್ಥೆ ಅಧ್ಯಯನ ಮಾಡಿದಾಗ, ಅವರ ಹಗಲಿನ ನಿದ್ದೆ ರಾತ್ರಿಯ ನಿದ್ದೆಗಿಂತ ಸುಮಾರು 3 ಗಂಟೆ ಕಡಿಮೆಯಿದ್ದುದು ಕಂಡುಬಂದಿತು.

ಹೀಗೆ ಕೂಡುತ್ತ ಹೋದ ಕೊರತೆಯ ಅತ್ಯಂತ ಅಪಾಯದ ಗುಣವೆಂದರೆ ಅದು ಹೊತ್ತವರಿಗೇ ತಿಳಿಯದಿರುವುದು. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎರಡು ವಾರ ದಿನಕ್ಕೆ 6 ಗಂಟೆ ಮಾತ್ರ ಮಲಗಿದವರ ಗಮನಶಕ್ತಿ, ರಾತ್ರಿಯಿಡೀ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿದಿದ್ದರೂ, ತಮಗೆ ಅಷ್ಟೇನೂ ತೂಕಡಿಕೆಯಿಲ್ಲವೆಂದೇ ಅವರು ಭಾವಿಸಿದ್ದರು. ಸತತ 17 ಗಂಟೆ ಎಚ್ಚರವಿದ್ದವರ ಕೈಚಳಕವು ರಕ್ತದಲ್ಲಿ ಶೇ. 0.05ರಷ್ಟು ಮದ್ಯಸಾರವಿರುವವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿಯೇ ತೋರಿಸಲಾಗಿತ್ತು. ಆಯಾಸವೆನಿಸಿದರೆ ಪೈಲಟ್ ತಾನೇ ಮುಂದೆ ಬಂದು ಹೇಳಿ ಹಾರಾಟದಿಂದ ಹಿಂದೆ ಸರಿಯಬಹುದು ಎಂಬ ಏರ್ಪಾಡನ್ನು ಆಡಳಿತವರ್ಗ ಮುಂದಿಡುವಾಗ, ದಣಿದ ಮೆದುಳು ಮೊದಲು ಕಳೆದುಕೊಳ್ಳುವ ಸಾಮರ್ಥ್ಯದ ಮೇಲೆಯೇ ಇಡೀ ಹೊಣೆಯನ್ನು ಹೊರಿಸಿದಂತಾಗುತ್ತದೆ. ಪೈಲಟ್‌ಗಳ ಅಸಮಾಧಾನ ನ್ಯಾಯವಾದುದೆಂದು ಹೇಳಲು ಈ ಒಂದು ಅಂಶವೇ ಸಾಕು.

ವಿಮಾನ ಅಪಘಾತಕ್ಕೆ ಆಯಾಸವನ್ನೇ ಮುಖ್ಯ ಕಾರಣವೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಮೊದಲ ಬಾರಿಗೆ ಬರೆದದ್ದೂ ಒಂದು ಸರಕು ವಿಮಾನದ ಅಪಘಾತದ ವರದಿಯಲ್ಲಿ. 1993ರ ಆಗಸ್ಟ್ 18ರಂದು ಡಿಸಿ-8 ವಿಮಾನವೊಂದು ಕ್ಯೂಬಾದ ಗ್ವಾಂಟಾನಮೋ ಕೊಲ್ಲಿಯ ನೌಕಾನೆಲೆಯಲ್ಲಿ ರನ್‌ವೇ ಮುಟ್ಟುವ ಮೊದಲೇ ನೆಲಕ್ಕಪ್ಪಳಿಸಿತು. ರಾತ್ರಿಯ ಸರದಿ ಮುಗಿಸಿ ಬಿಡುವಾಗಬೇಕಿದ್ದ ಸಿಬ್ಬಂದಿಗೆ ಬೆಳಗ್ಗೆ ಮತ್ತೊಂದು ಹಾರಾಟವನ್ನು ವಹಿಸಲಾಗಿತ್ತು. ಮರಳುವಾಗ ವಿಮಾನ ಖಾಲಿಯಿರುವುದರಿಂದ ಆ ಹಾರಾಟ ನಿಯಮದ ಮಿತಿಯ ಲೆಕ್ಕಕ್ಕೆ ಬಾರದು ಎಂಬ ಅನುಕೂಲವೂ ಅದರಲ್ಲಿತ್ತು. ಸಂಜೆ 5ಕ್ಕೆ ತುಸು ಮುಂಚೆ, ಅಂದರೆ ಜೈವಿಕ ಗಡಿಯಾರದ ಎರಡನೆಯ ತಗ್ಗಿನ ಹೊತ್ತಿಗೆ, ಕ್ಯಾಪ್ಟನ್ ನಿದ್ದೆಯಿಲ್ಲದೆ ಸುಮಾರು ಇಪ್ಪತ್ತಮೂರೂವರೆ ಗಂಟೆ ಕಳೆದಿದ್ದರು. ನೌಕಾನೆಲೆಯ ಗಡಿಬೇಲಿಯ ಬಳಿ ಉರಿಯಬೇಕಿದ್ದ ಮಿನುಗುದೀಪ ಅಂದು ಆರಿತ್ತು. ಕ್ಯಾಪ್ಟನ್ ಅದನ್ನೇ ಹುಡುಕುತ್ತ, ವೇಗ ಕುಸಿಯುತ್ತಿದೆಯೆಂದು ಜೊತೆಗಾರರು ಎಚ್ಚರಿಸಿದರೂ ಕಿವಿಗೊಡಲಾರದೆ ಹೋದರು. ಗಮನ ಹೀಗೆ ಒಂದೇ ವಸ್ತುವಿಗೆ ಅಂಟಿಕೊಳ್ಳುವುದು ನಿದ್ರಾಹೀನತೆಯ ಪರಿಚಿತ ಲಕ್ಷಣ. ಸಿಬ್ಬಂದಿಯ ಮೂವರೂ ತೀವ್ರವಾಗಿ ಗಾಯಗೊಂಡರೂ ಬದುಕಿ ಉಳಿದದ್ದು ಪುಣ್ಯ.

ಆದರೂ ಕಾನೂನು ಬದಲಾಗಲು 2009ರಲ್ಲಿ ಬಫಲೊ ನಗರದ ಬಳಿ ಪ್ರಯಾಣಿಕರ ವಿಮಾನವೊಂದು ಬಿದ್ದು 50 ಜನ ಸಾಯಬೇಕಾಯಿತು. ಅನಂತರ ರೂಪುಗೊಂಡ ನಿಯಮವು ಜೈವಿಕ ಗಡಿಯಾರವನ್ನು ಗಣನೆಗೆ ತೆಗೆದುಕೊಂಡು, ಕೆಲಸದ ಅವಧಿಯನ್ನು ಅದು ಆರಂಭವಾಗುವ ಹೊತ್ತಿಗೆ ತಕ್ಕಂತೆ 9ರಿಂದ 14 ಗಂಟೆಗಳವರೆಗೆ ನಿಗದಿಪಡಿಸಿ, ನಡುರಾತ್ರಿ ಶುರುವಾಗುವ ಸರದಿಗೆ ಅತಿ ಕಡಿಮೆ ಮಿತಿಯನ್ನು ಕೊಟ್ಟಿತು. ರಾತ್ರಿಯಲ್ಲೇ ಹೆಚ್ಚಾಗಿ ಹಾರುವ ಸರಕು ವಿಮಾನಗಳನ್ನು ಮಾತ್ರ, ತಗಲುವ ವೆಚ್ಚ ದೊರೆಯುವ ಪ್ರಯೋಜನಕ್ಕಿಂತ ಹೆಚ್ಚೆಂಬ ಕಾರಣ ನೀಡಿ, ಅದರಿಂದ ಹೊರಗಿಡಲಾಯಿತು. ಪ್ರಯೋಜನವನ್ನು ಅಳೆಯುವಾಗ ಉಳಿಯಬಹುದಾದ ಜೀವಗಳಿಗೆ ಹಣದ ಬೆಲೆ ಕಟ್ಟುವುದರಿಂದ, ಇಬ್ಬರೋ ಮೂವರೋ ಇರುವ ವಿಮಾನ ಆ ತಕ್ಕಡಿಯಲ್ಲಿ ಹಗುರವಾಗಿಯೇ ತೂಗುತ್ತದೆ. ಅದು ಊರುಗಳ ಮೇಲೆಯೇ ಹಾರುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು. ಸರಕು ಸಾಗಣೆ ಸಂಸ್ಥೆಯಾದ ಯುಪಿಎಸ್‌ನ ಪೈಲಟ್‌ಗಳ ಸಂಘ ಇದರ ವಿರುದ್ಧ ಹೂಡಿದ ದಾವೆಯನ್ನು ನ್ಯಾಯಾಲಯ 2016ರಲ್ಲಿ ತಳ್ಳಿಹಾಕಿತು.

ಆ ದಾವೆ ನಡೆಯುತ್ತಿದ್ದಾಗಲೇ, 2013ರ ಆಗಸ್ಟ್ 14ರಂದು, ಲೂಯಿವಿಲ್‌ನಿಂದ ಹೊರಟ ಯುಪಿಎಸ್‌ನ ಏರ್‌ಬಸ್ ಎ300 ವಿಮಾನ ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಳಿಯುವಾಗ ರನ್‌ವೇಯ ಈಚೆಗೇ ಬಿದ್ದು ಇಬ್ಬರು ಪೈಲಟ್‌ಗಳೂ ತೀರಿಕೊಂಡರು. ನಿಲ್ದಾಣದ ಉದ್ದನೆಯ ರನ್‌ವೇ ದುರಸ್ತಿಗಾಗಿ ಬೆಳಗಿನ 5 ಗಂಟೆಯವರೆಗೆ ಮುಚ್ಚಿತ್ತು. ಎಷ್ಟು ಇಳಿಜಾರಿನಲ್ಲಿ ಬರಬೇಕೆಂದು ರೇಡಿಯೊ ಸಂಕೇತದಿಂದ ತಿಳಿಸುವ ಸೌಲಭ್ಯವಿಲ್ಲದ ಚಿಕ್ಕ ರನ್‌ವೇಗೆ ಅವರು ಇಳಿಯುತ್ತಿದ್ದರು. ವಿಮಾನ ಬಿದ್ದದ್ದು ಬೆಳಗಿನ ಜಾವ 4 ಗಂಟೆ 47 ನಿಮಿಷಕ್ಕೆ. ಅಸ್ಥಿರವಾಗಿದ್ದ ಇಳಿಕೆಯನ್ನು ಕೈಬಿಡದೆ ಮುಂದುವರಿಸಿದ್ದು ಮತ್ತು ಎತ್ತರದ ಮೇಲೆ ಕಣ್ಣಿಡದಿದ್ದುದು ಕಾರಣವೆಂದು ತನಿಖೆ ತೀರ್ಮಾನಿಸಿ, ಸಹಪೈಲಟ್‌ರ ಆಯಾಸವನ್ನೂ ಅದಕ್ಕೆ ಪೂರಕವಾದ ಕಾರಣಗಳಲ್ಲಿ ಸೇರಿಸಿ, ಬಿಡುವಿನ ವೇಳೆಯಲ್ಲಿ ನಿದ್ದೆಯನ್ನು ಸರಿಯಾಗಿ ಹೊಂದಿಸಿಕೊಳ್ಳದ ತಪ್ಪನ್ನು ಅವರ ಮೇಲೆಯೇ ಹೊರಿಸಿತು. ಹೊರಡುವ ಮುನ್ನ ಆ ಇಬ್ಬರೂ ತಮ್ಮ ದಣಿವಿನ ಬಗ್ಗೆ, ಪ್ರಯಾಣಿಕರ ವಿಮಾನಗಳಿಗೊಂದು ಸರಕಿನ ವಿಮಾನಗಳಿಗೊಂದು ವಿಶ್ರಾಂತಿಯ ನಿಯಮವಿರುವುದರ ಬಗ್ಗೆ ಮಾತಾಡಿಕೊಂಡದ್ದು ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ ಉಳಿದಿದೆ. ಅವರು ಮಾತಾಡಿದ ಹೊಸ ನಿಯಮ ಪ್ರಯಾಣಿಕರ ವಿಮಾನಗಳಿಗೆ ಜಾರಿಗೆ ಬಂದದ್ದು ಆ ಅಪಘಾತಕ್ಕೆ ಐದು ತಿಂಗಳೂ ತುಂಬುವ ಮೊದಲು, 2014ರ ಜನವರಿ 4ರಂದು.