ಡಿಸ್ಪೇಸ್ ಭಂಡಾರದ ನಿರ್ವಹಣೆ

ಡಿಸ್ಪೇಸ್ ಎಂಬುದು ಮಹಾಪ್ರಬಂಧ, ಸಂಶೋಧನಾ ಲೇಖನ, ಹಳೆಯ ಗ್ರಂಥಗಳ ಚಿತ್ರಪ್ರತಿ ಮೊದಲಾದ ಡಿಜಿಟಲ್ ದಾಖಲೆಗಳನ್ನು ಸಂಗ್ರಹಿಸಿ, ವರ್ಗೀಕರಿಸಿ, ಅಂತರಜಾಲದ ಮೂಲಕ ಓದುಗರಿಗೆ ಒದಗಿಸುವ ಮುಕ್ತ ತಂತ್ರಾಂಶವಾಗಿದೆ. ಜಾವಾ ಭಾಷೆಯಲ್ಲಿ ರಚಿತವಾದ ಇದನ್ನು ಅಮೆರಿಕದ ಎಂ.ಐ.ಟಿ. ಗ್ರಂಥಾಲಯ ಹಾಗೂ ಎಚ್.ಪಿ. ಪ್ರಯೋಗಾಲಯಗಳು ೨೦೦೨ರಲ್ಲಿ ಬಿಡುಗಡೆ ಮಾಡಿದವು. ತಂತ್ರಾಂಶಕ್ಕೆ ಶುಲ್ಕವಿಲ್ಲ, ಆದರೆ ಅದನ್ನು ನಿರಂತರವಾಗಿ ನೋಡಿಕೊಳ್ಳುವ ಹೊಣೆ ಸ್ಥಾಪಿಸಿದ ಸಂಸ್ಥೆಯದೇ ಆಗಿರುತ್ತದೆ.

ಕರ್ನಾಟಕದಲ್ಲಿ ಬಳಕೆ

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಪ್ರಕಟಣೆಗಳ ಭಂಡಾರವು ಡಿಸ್ಪೇಸ್‌ನಲ್ಲಿದೆ. ಎಸ್. ಆರ್. ರಂಗನಾಥನ್ ಅವರು ೧೯೬೨ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವೂ ಗ್ರಂಥಪಾಲಕರಿಗಾಗಿ ಇದೇ ತಂತ್ರಾಂಶವನ್ನು ಬಳಸಿತು. ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳ ರಾಷ್ಟ್ರೀಯ ಭಂಡಾರವಾದ ಶೋಧಗಂಗಾ ಹಾಗೂ ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಒಳಗೊಂಡ ಕೃಷಿಕೋಶ ಕೂಡ ಡಿಸ್ಪೇಸ್ ಆಧಾರಿತ. ಕೊಡಗಿನ ದೇವರಕಾಡು, ಕಾಫಿತೋಟದ ನೆರಳುಮರಗಳು ಮೊದಲಾದ ವಿಷಯಗಳನ್ನು ಅಭ್ಯಸಿಸುವ ವಿದ್ಯಾರ್ಥಿಗೆ ಇಂತಹ ಭಂಡಾರಗಳು ಮುಖ್ಯ ಆಕರಗಳು. ಮುದ್ರಿತ ಪ್ರಬಂಧದ ಪ್ರತಿಗಳು ಕೆಲವೇ ಇರುತ್ತವೆ; ಮಳೆನಾಡಿನ ತೇವದಲ್ಲಿ ಅವು ಬೂಷ್ಟು ಹಿಡಿಯುತ್ತವೆ. ನಿರ್ಲಕ್ಷ್ಯಕ್ಕೊಳಗಾದ ಕಂಪ್ಯೂಟರ್ ಭಂಡಾರದ ಗತಿಯೂ ಬೇರೆಯಲ್ಲ.

ರಚನೆ

ದಾಖಲೆಗಳ ಮೂಲ ಕಡತಗಳು ಅಸೆಟ್‌ಸ್ಟೋರ್ ಎಂಬ ಕೋಶದಲ್ಲಿರುತ್ತವೆ. ಶೀರ್ಷಿಕೆ, ಲೇಖಕ, ವರ್ಷ ಮುಂತಾದ ವಿವರಗಳು ಪೋಸ್ಟ್‌ಗ್ರೆಸ್ ದತ್ತಸಂಚಯದಲ್ಲಿರುತ್ತವೆ. ಹುಡುಕಾಟದ ಸೂಚಿಯನ್ನು ಸೋಲಾರ್ ಎಂಬ ತಂತ್ರಾಂಶ ಸಿದ್ಧಪಡಿಸುತ್ತದೆ. ಗ್ರಂಥಾಲಯಕ್ಕೆ ಹೋಲಿಸಿದರೆ ಇವು ಕ್ರಮವಾಗಿ ಕಪಾಟು, ದಾಖಲಾತಿ ಪುಸ್ತಕ ಮತ್ತು ಸೂಚಿಪತ್ರ. ೨೦೨೧ರ ಏಳನೆಯ ಆವೃತ್ತಿಯಿಂದ ಓದುಗರು ಕಾಣುವ ಪುಟಗಳ ಭಾಗವೂ ಹಿನ್ನೆಲೆಯ ಜಾವಾ ಭಾಗವೂ ಪ್ರತ್ಯೇಕಗೊಂಡಿವೆ.

ದೋಷಪತ್ತೆ

ದೋಷ ಯಾವ ಪದರದಲ್ಲಿದೆ ಎಂಬುದನ್ನು ಮೊದಲು ಗುರುತಿಸಬೇಕು. ಇದಕ್ಕೆ ಡಿಸ್ಪೇಸ್ ಮತ್ತು ಟಾಮ್‌ಕ್ಯಾಟ್‌ಗಳ ಲಾಗ್ ಕಡತಗಳು ನೆರವಾಗುತ್ತವೆ.

ನೇರ ಕೊಂಡಿಯಿಂದ ದಾಖಲೆ ತೆರೆದುಕೊಂಡು, ಹುಡುಕಿದಾಗ ಮಾತ್ರ ಸಿಗದಿದ್ದರೆ ದೋಷ ಸೂಚಿಯದು. ದತ್ತಸಂಚಯದಿಂದ ಸೂಚಿಯನ್ನು ಮತ್ತೆ ಕಟ್ಟಬಹುದು, ದಾಖಲೆಗೆ ಹಾನಿಯಿಲ್ಲ. ವಿವರ ಕಾಣಿಸಿಯೂ ಕಡತ ತೆರೆಯದಿದ್ದರೆ ಅಸೆಟ್‌ಸ್ಟೋರಿನ ಕಡತ ಕಾಣೆಯಾಗಿರಬಹುದು ಅಥವಾ ಅದನ್ನು ಓದುವ ಅನುಮತಿ ತಪ್ಪಿರಬಹುದು. ವ್ಯವಸ್ಥೆ ನಿಧಾನವಾಗಿ, ಲಾಗ್‌ನಲ್ಲಿ ಮೆಮೊರಿ ಸಾಲದೆಂಬ ಸೂಚನೆ ಬಂದರೆ ಜಾವಾಕ್ಕೆ ಮೀಸಲಿಟ್ಟ ಮೆಮೊರಿಯನ್ನು ಹೆಚ್ಚಿಸಬೇಕಾಗುತ್ತದೆ. ಡಿಸ್ಕ್ ತುಂಬಿಹೋಗುವುದೂ ಹಲವು ವಿಚಿತ್ರ ದೋಷಗಳಿಗೆ ಕಾರಣವಾದ್ದರಿಂದ ಅದನ್ನು ಆರಂಭದಲ್ಲೇ ಪರಿಶೀಲಿಸುವುದು ಒಳಿತು.

ಮಳೆಗಾಲದಲ್ಲಿ ವಿದ್ಯುತ್ ಪದೇಪದೇ ಕಡಿತಗೊಳ್ಳುವ ಊರುಗಳಲ್ಲಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸುವಷ್ಟು ಸಮಯ ನೀಡುವ ಯು.ಪಿ.ಎಸ್. ಅವಶ್ಯಕ. ಮರಳಿ ಆರಂಭಿಸುವಾಗ ದತ್ತಸಂಚಯ, ಸೋಲಾರ್, ಅನಂತರ ಟಾಮ್‌ಕ್ಯಾಟ್ ಎಂಬ ಕ್ರಮವನ್ನು ಪಾಲಿಸಲಾಗುತ್ತದೆ.

ಕನ್ನಡ ಪಠ್ಯದ ತೊಡಕುಗಳು

ಕನ್ನಡ ಶೀರ್ಷಿಕೆಗಳು ಸರಿಯಾಗಿ ಕಾಣಲು ದತ್ತಸಂಚಯ ಮತ್ತು ಟಾಮ್‌ಕ್ಯಾಟ್ ಎರಡೂ ಯುಟಿಎಫ್-೮ ಸಂಕೇತವನ್ನು ಬಳಸುವಂತಿರಬೇಕು. ಯುನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಅಕ್ಷರವಿನ್ಯಾಸದಲ್ಲಿ ಸಿದ್ಧವಾದ ಪಿಡಿಎಫ್ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿರುತ್ತದೆ. ಆದ್ದರಿಂದ ಒಳಪಠ್ಯದ ಹುಡುಕಾಟ ವಿಫಲವಾಗುತ್ತದೆ. ಮೂಲ ಕಡತವನ್ನು ಯುನಿಕೋಡ್‌ಗೆ ಪರಿವರ್ತಿಸುವುದು ಇದಕ್ಕೆ ಪರಿಹಾರ. ಅದು ಸಾಧ್ಯವಾಗದಿದ್ದರೆ ಶೀರ್ಷಿಕೆ, ಸಾರಾಂಶ, ವಿಷಯಪದಗಳನ್ನಾದರೂ ಯುನಿಕೋಡ್‌ನಲ್ಲಿ ನಮೂದಿಸಬೇಕು.

ನಿರ್ವಹಣೆ

ಬ್ಯಾಕಪ್ ತೆಗೆಯುವಾಗ ಮೊದಲು ದತ್ತಸಂಚಯವನ್ನೂ ಬಳಿಕ ಅಸೆಟ್‌ಸ್ಟೋರನ್ನೂ ನಕಲಿಸುವುದು ಸುರಕ್ಷಿತ. ಹೀಗೆ ಮಾಡಿದಾಗ ವಿವರವಿದ್ದು ಕಡತವಿಲ್ಲದ ಸ್ಥಿತಿ ಉಂಟಾಗದು. ಅಳಿಸಿದ ಕಡತಗಳನ್ನು ತೆರವುಗೊಳಿಸುವ ಕೆಲಸವನ್ನು ಈ ನಡುವೆ ನಡೆಸಬಾರದು. ಓದುಗರ ಭೇಟಿಯ ಅಂಕಿಅಂಶಗಳು ಸೋಲಾರ್‌ನಲ್ಲಿ ಮಾತ್ರ ಉಳಿಯುವುದರಿಂದ ಅವಕ್ಕೆ ಪ್ರತ್ಯೇಕ ಬ್ಯಾಕಪ್ ಬೇಕು. ಚೆಕ್‌ಸಮ್ ಪರೀಕ್ಷೆಯು ಕಡತಗಳಲ್ಲಿ ಅರಿವಿಲ್ಲದೆ ಆದ ಬದಲಾವಣೆಯನ್ನು ತೋರಿಸುತ್ತದೆ.

ಒಂದು ಪ್ರತಿ ಬೇರೊಂದು ಊರಿನಲ್ಲಿರಬೇಕು. ೨೦೧೮ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಸಂಭವಿಸಿದ ಭೂಕುಸಿತಗಳು ಇದರ ಅಗತ್ಯವನ್ನು ತಿಳಿಸುತ್ತವೆ. ಯಂತ್ರದ ಪಕ್ಕದಲ್ಲೇ ಇರಿಸಿದ ಪ್ರತಿ ಯಂತ್ರದೊಡನೆಯೇ ನಾಶವಾಗಬಹುದು. ಬ್ಯಾಕಪ್‌ನಿಂದ ಭಂಡಾರವನ್ನು ಆಗಾಗ ಮರುಸ್ಥಾಪಿಸಿ ನೋಡದ ಹೊರತು ಅದನ್ನು ನಂಬಲಾಗದು. ಆವೃತ್ತಿಯನ್ನು ನವೀಕರಿಸುವ ಮುನ್ನ ಬೇರೆ ಯಂತ್ರದಲ್ಲಿ ಪ್ರಯೋಗ ನಡೆಸಬೇಕು.

ಪ್ರತಿ ದಾಖಲೆಗೆ ಹ್ಯಾಂಡಲ್ ಎಂಬ ಶಾಶ್ವತ ವಿಳಾಸ ದೊರೆಯುತ್ತದೆ. ಸಂಸ್ಥೆಯು ಸ್ವಂತ ಹ್ಯಾಂಡಲ್ ಸಂಖ್ಯೆಯನ್ನು ನೋಂದಾಯಿಸದಿದ್ದರೆ ವಿಳಾಸದಲ್ಲಿ ಒಂದರಿಂದ ಒಂಬತ್ತರವರೆಗಿನ ಅಂಕಿಗಳ ಮಾದರಿ ಸಾಲೇ ಉಳಿದುಬಿಡುತ್ತದೆ. ಮುಂದೆ ಜಾಲತಾಣದ ಹೆಸರು ಬದಲಾದಾಗ ಪ್ರಬಂಧಗಳ ಅಡಿಟಿಪ್ಪಣಿಗಳಲ್ಲಿ ನೀಡಿದ ಕೊಂಡಿಗಳು ವ್ಯರ್ಥವಾಗುತ್ತವೆ. ದಾಖಲೆ ಭಂಡಾರದಲ್ಲಿ ಕ್ಷೇಮವಾಗಿದ್ದರೂ ಹಳೆಯ ಕೊಂಡಿ ಹಿಡಿದು ಬಂದ ಓದುಗನಿಗೆ ಅದು ದೊರೆಯದು.