ಅಂಕಿ-ಅಂಶಗಳ ಹಿಂದೆ ಯಾರಿದ್ದಾರೆ?

ಜಗತ್ತಿನ ದೇಶಗಳ ಅಂಕಿ-ಅಂಶಗಳ ಕೈಪಿಡಿಯನ್ನು ತೆರೆಯುವ ಮೊದಲು, ಬ್ರಹ್ಮಾವರವಿರುವ ಉಡುಪಿ ಜಿಲ್ಲೆಯ ಒಂದು ಅಂಕಿಯನ್ನು ನೋಡಿ. 2011ರ ಜನಗಣತಿಯಂತೆ ಇಲ್ಲಿ 1000 ಪುರುಷರಿಗೆ 1094 ಮಹಿಳೆಯರು. ಕರ್ನಾಟಕದಲ್ಲಿ 973, ಭಾರತದಲ್ಲಿ 943.

ಇಲ್ಲಿ ಹೆಣ್ಣುಮಕ್ಕಳೇ ಹೆಚ್ಚು ಹುಟ್ಟುತ್ತಾರೆಯೇ? ಇಲ್ಲ. ಆರು ವರ್ಷದೊಳಗಿನ ಮಕ್ಕಳಲ್ಲಿ ಇಲ್ಲಿಯೂ ಗಂಡುಮಕ್ಕಳೇ ಹೆಚ್ಚು. ದುಡಿಮೆಗಾಗಿ ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಿಗೆ ಹೋದ ಗಂಡಸರು ಊರಿನ ಎಣಿಕೆಗೆ ಸಿಗದಿರುವುದೇ ಮುಖ್ಯ ಕಾರಣ.

ಈಗ ಕೈಪಿಡಿಯಲ್ಲಿ ಕತಾರ್ ದೇಶದ ಪುಟ ತೆರೆಯಿರಿ. ಅಲ್ಲಿ ಒಬ್ಬ ಮಹಿಳೆಗೆ ಸುಮಾರು ಮೂವರು ಪುರುಷರು! ಹೊರದೇಶಗಳಿಂದ ಬಂದ ದುಡಿಮೆಗಾರರೇ ಇದಕ್ಕೆ ಕಾರಣ. ನಮ್ಮ ಊರುಗಳ ಕೊರತೆಯೂ ಅಲ್ಲಿನ ಹೆಚ್ಚಳವೂ ಒಂದೇ ಲೆಕ್ಕದ ಎರಡು ಬದಿಗಳು.

ಆದ್ದರಿಂದ ದೇಶಗಳನ್ನು ಹೋಲಿಸುವಾಗ ಯಾರನ್ನು, ಎಲ್ಲಿ, ಯಾವ ವರ್ಷ ಎಣಿಸಿದರೆಂದು ಮೊದಲು ಕೇಳಿ. ಹೆಚ್ಚು ಕಡಿಮೆಗಳ ತೀರ್ಮಾನ ಆಮೇಲೆ.