ಅಂಗಿಗೆ ಅಂಟಿದ ವಿಷದ ಲೆಕ್ಕ

ಹತ್ತಿ ಹೊಲಕ್ಕೆ ಎಣ್ಣೆ ಹೊಡೆದು ಬಂದ ತಮ್ಮ ರಾತ್ರಿ ಫೋನಿನಲ್ಲಿ, "ಮೂಗಿಗೆ ಟವೆಲ್ ಕಟ್ಟಿಕೊಂಡಿದ್ದೆ, ಏನೂ ಆಗಂಗಿಲ್ಲ ಬಿಡಣ್ಣ" ಎಂದ. ನಮ್ಮಲ್ಲಿ ಹಲವರ ಮನೆಯ ಮಾತಿದು. ಆದರೆ ಬಯಲಲ್ಲಿ ಸಿಂಪಡಿಸುವವರಿಗೆ ತಗಲುವ ಕೀಟನಾಶಕದ ಬಹುಪಾಲು ಬೀಳುವುದು ಚರ್ಮದ ಮೇಲೆ.

ಇದನ್ನು ಅಳೆಯುವ ವಿಧಾನವನ್ನು 1962ರಲ್ಲಿ ಡರ್ಹ್ಯಾಮ್ ಮತ್ತು ವುಲ್ಫ್ ಎಂಬ ವಿಜ್ಞಾನಿಗಳು ವಿವರಿಸಿದರು. ಎದೆ, ಬೆನ್ನು, ಮುಂಗೈ, ತೊಡೆಗಳ ಮೇಲೆ ಹೀರಿಕೊಳ್ಳುವ ಪಟ್ಟಿಗಳನ್ನು ಅಂಟಿಸುತ್ತಾರೆ. ಕೆಲಸ ಮುಗಿದ ಮೇಲೆ ಅವುಗಳಲ್ಲಿರುವ ವಿಷವನ್ನು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. 100 ಚದರ ಸೆಂ.ಮೀ. ಪಟ್ಟಿಯಲ್ಲಿ 1 ಮಿಲಿಗ್ರಾಂ ಸಿಕ್ಕರೆ, 3,500 ಚದರ ಸೆಂ.ಮೀ. ಬೆನ್ನಿಗೆ 35 ಮಿಲಿಗ್ರಾಂ ಎಂದು ಲೆಕ್ಕ. ಕೈ ತೊಳೆದ ನೀರನ್ನೂ ಪರೀಕ್ಷಿಸುತ್ತಾರೆ. ಪಟ್ಟಿಗಳ ನಡುವೆ ಬಿದ್ದದ್ದು ತಪ್ಪಿಹೋಗಬಾರದೆಂದು ಮೈತುಂಬ ಹತ್ತಿಬಟ್ಟೆ ತೊಡಿಸಿ, ಆ ಬಟ್ಟೆಯನ್ನೇ ಪರೀಕ್ಷಿಸುವುದೂ ಉಂಟು.

ಎಷ್ಟು ಬಿತ್ತು ಎಂಬುದರಷ್ಟೇ ಎಲ್ಲಿ ಬಿತ್ತು ಎಂಬುದೂ ಮುಖ್ಯ. ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ಮುಂಗೈ ಚರ್ಮ ಸುಮಾರು ಶೇ. 9ರಷ್ಟು ಹೀರಿದರೆ, ವೃಷಣದ ಚರ್ಮ ಹೆಚ್ಚುಕಡಿಮೆ ಪೂರ್ತಿ ಹೀರುತ್ತದೆ. ಬೆನ್ನಿನ ಟ್ಯಾಂಕ್ ಸೋರಿ ಚಡ್ಡಿ ಒದ್ದೆಯಾದರೆ ಏನಾಗುತ್ತದೆಂದು ಊಹಿಸಿ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಸಿಂಪಡಿಸಿದ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು.

ಆದ್ದರಿಂದ ತಮ್ಮನಿಗೆ ಹೇಳಿದೆ: ಸೋರುವ ಟ್ಯಾಂಕ್ ಮೊದಲು ರಿಪೇರಿ ಮಾಡಿಸು. ತುಂಬು ತೋಳಿನ ಅಂಗಿ ಹಾಕು. ಒದ್ದೆಯಾದರೆ ತಕ್ಷಣ ಬಿಚ್ಚಿ ಸೋಪು ಹಚ್ಚಿ ಸ್ನಾನ ಮಾಡು. ಆ ಬಟ್ಟೆ ಮಕ್ಕಳ ಬಟ್ಟೆಯೊಂದಿಗೆ ಒಗೆಯಬೇಡಿ.

ಈ ರಜೆಗೆ ನನ್ನ ಬ್ಯಾಗಿನಲ್ಲಿ ಅತ್ತರಿನ ಜೊತೆ ನಾಲ್ಕು ಜೊತೆ ನೈಟ್ರೈಲ್ ಗ್ಲೌಸ್ ಕೂಡ ಊರಿಗೆ ಹೋಗಲಿವೆ.